ಹಿಂದಿನ ಎಡಗಾಲಿಯ ಸೇಡು

ನಾನು ಒಂದು ಟೆಂಪೋ. ಅಂತಿಂಥ ಟೆಂಪೋ ಅಲ್ಲ. ಒಮ್ಮೆ ಸಿಟ್ಟು ನೆತ್ತಿಗೇರಿ ಹಿಂದಿನ ಎಡಗಾಲಿಯನ್ನು ಬಿಗಿಹಿಡಿದು ನೆಲಕ್ಕೆ ಊರಿದೆ ನೋಡಿ, ಭೂಮಿ ತಿರುಗುವುದೇ ನಿಂತುಹೋಯಿತು. ಅವತ್ತು ಬೆಟಗೇರಿಯಲ್ಲಿ ಸೂರ್ಯ ಮುಳುಗುವುದು ಹನ್ನೊಂದು ನಿಮಿಷ ತಡವಾಯಿತು. ಗೂಡಿಗೆ ಹೋಗಬೇಕೋ ಬೇಡವೋ ತಿಳಿಯದೆ ಹಕ್ಕಿಗಳು ಕರೆಂಟಿನ ತಂತಿಯ ಮೇಲೆ ಕೂತು ಒಂದರ ಮುಖ ಒಂದು ನೋಡಿದವು. ಕೊನೆಗೆ ನನಗೇ ಕನಿಕರ ಬಂದು ಗಾಲಿಯನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿದೆ. ಭೂಮಿ ಮತ್ತೆ ಹೊರಟಿತು.

ನಂಬುವುದಿಲ್ಲವೇ? ಆಗಲಿ. ನಂಬದವರ ಹೆಸರನ್ನೂ ನಾನು ನೆನಪಿಟ್ಟುಕೊಳ್ಳುತ್ತೇನೆ. ನನ್ನ ಮೈಮೇಲೆ ಇಪ್ಪತ್ತಾರು ತಗ್ಗುಗಳಿವೆ. ಯಾವ ತಗ್ಗು ಯಾರಿಂದ ಬಿತ್ತು, ಅವರಿಗೆ ನಾನು ಏನು ಮಾಡಿದೆ ಎಂಬುದು ಬಾಯಿಪಾಠವಾಗಿದೆ. ಈಗ ದಾವಲಸಾಬ ಮಿಸ್ತ್ರಿಯ ಗ್ಯಾರೇಜಿನ ಹಿಂದೆ, ಬೇವಿನ ಮರದ ಬುಡದಲ್ಲಿ, ಗಾಳಿ ಇಲ್ಲದ ನಾಲ್ಕು ಟೈರುಗಳ ಮೇಲೆ ಕೂತಿದ್ದೇನೆ. ಬಾನೆಟ್ಟಿನೊಳಗೆ ಕೋಳಿಯೊಂದು ಸಂಸಾರ ಹೂಡಿದೆ. ಹೊತ್ತು ಹೋಗಬೇಕಲ್ಲ, ನನ್ನ ಸೇಡಿನ ಕಥೆಗಳನ್ನು ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದ ದಿನ ಕಾರ್ಖಾನೆಯ ಸೈರನ್ ತಾನಾಗಿಯೇ ಮೂರು ಸಲ ಕೂಗಿತು. ಊಟದ ಹೊತ್ತಿಗೆ ಅದು ದಿನವೂ ಕೂಗುತ್ತಿತ್ತು ಎಂದು ಹೇಳುವವರಿದ್ದಾರೆ; ಹೊಟ್ಟೆಕಿಚ್ಚಿನವರ ಮಾತು ಬಿಡಿ. ನನಗೆ ಆಕಾಶದ ಬಣ್ಣ ಬಳಿದರು. ಬಳಿದ ಮೇಲೆ ಆಕಾಶವನ್ನು ನೋಡಿದವರು, ಇದು ಯಾಕೋ ಮಾಸಿದೆ ಎಂದರಂತೆ.

ನನ್ನನ್ನು ಮೊದಲು ಕೊಂಡವನು ಗದಗಿನಲ್ಲಿ ಸೋಡಾ ಕಾರ್ಖಾನೆ ಇಟ್ಟಿದ್ದ ಸಂಗನಬಸಪ್ಪ. ಮನುಷ್ಯ ಕೆಟ್ಟವನಲ್ಲ. ಆದರೆ ಆ ಆಕಾಶದ ಬಣ್ಣದ ಮೇಲೆ ಗುಲಾಬಿ ಬಣ್ಣ ಹೊಡೆಸಿ, ಬಾಗಿಲಿನ ಮೇಲೆ ನಗುವ ಬಾಟಲಿಯ ಚಿತ್ರ ಬರೆಸಿದ. ಅವಮಾನ ನುಂಗಿಕೊಂಡು ಎರಡು ವರ್ಷ ಕಾದೆ. ಒಂದು ಬೇಸಿಗೆಯಲ್ಲಿ, ರೈಲ್ವೆ ಗೇಟಿನ ಹಳಿ ದಾಟುವಾಗ, ಬೇಕೆಂದೇ ಬೆನ್ನು ಕುಣಿಸಿದೆ. ನಾನೂರು ಗೋಲಿ ಸೋಡಾಗಳು ಒಂದೇ ಸಲಕ್ಕೆ ಸಿಡಿದವು. ಆಗ ಮೇಲಕ್ಕೆ ಹಾರಿದ ಗೋಲಿಗಳಲ್ಲಿ ಕೆಲವು ಇನ್ನೂ ಕೆಳಗೆ ಬಿದ್ದಿಲ್ಲ.

ಎರಡನೆಯವರು ಒಂದು ಬ್ಯಾಂಡ್ ಕಂಪನಿಯವರು. ಕ್ಲಾರಿನೆಟ್ ಊದುವ ಯಜಮಾನನಿಗೆ ಕೂತಲ್ಲಿ ನಿಂತಲ್ಲಿ ನನ್ನ ಬಾಗಿಲಿನ ಮೇಲೆ ತಾಳ ಹಾಕುವ ಚಟ. ಏಳು ತಗ್ಗುಗಳು ಅವನ ಉಂಗುರದವೇ. ಒಂದು ಮದುವೆ ಮೆರವಣಿಗೆಯಲ್ಲಿ ನನ್ನ ಹಾರ್ನ್ ಹಿಡಿದುಕೊಂಡುಬಿಟ್ಟಿತು. ಬಿಡಲೇ ಇಲ್ಲ. ಬ್ಯಾಂಡಿನವರು ಬೇರೆ ದಾರಿ ಕಾಣದೆ ನನ್ನ ಶ್ರುತಿಗೇ ವಾದ್ಯ ಕೂಡಿಸಿಕೊಂಡು ಒಂದು ಹರದಾರಿ ನುಡಿಸಿದರು. ಆ ಊರಿನಲ್ಲಿ ಈಗಲೂ ಮದುವೆ ಹಾಡುಗಳನ್ನು ಅದೇ ಶ್ರುತಿಯಲ್ಲಿ ಹಾಡುತ್ತಾರೆ.

ಇವೆಲ್ಲ ಚಿಲ್ಲರೆ ಸೇಡುಗಳು. ದೊಡ್ಡದು ಮೂರನೆಯದು.

ಬೆಟಗೇರಿಯ ಕೊಟ್ರಪ್ಪ ಮಾಲಕರು ಶಾಮಿಯಾನ, ಪಾತ್ರೆ, ಖುರ್ಚಿ ಬಾಡಿಗೆಗೆ ಕೊಡುತ್ತಿದ್ದರು. ಚಿಕ್ಕಂದಿನಲ್ಲಿ ತಾವೇ ಬೊಂಬಿನ ಮೇಲೆ ಹತ್ತಿ ಹಂದರ ಕಟ್ಟಿ ಮೇಲೆ ಬಂದವರು. ಎಡಚರು. ಊಟವೊಂದು ಬಿಟ್ಟು ಉಳಿದದ್ದೆಲ್ಲ ಎಡಗೈಯಿಂದಲೇ. ಮೀಸೆ ತಿರುವುವುದೂ ಅದೇ ಕೈಯಿಂದ. ಬಿಳಿ ಧೋತರಕ್ಕೆ ಒಂದು ಕಲೆ ಬಿದ್ದರೆ ದಿನವಿಡೀ ಮುಖ ಗಂಟು ಹಾಕಿಕೊಂಡಿರುತ್ತಿದ್ದರು.

ಅವರ ಡ್ರೈವರ್ ಯಮನೂರಪ್ಪ. ಐವತ್ತರ ಹತ್ತಿರದ ಸಣಕಲು ಆಳು. ಮುಂಜಾನೆ ಬಂದವನೇ ನನ್ನ ಮೈ ತೊಳೆಯುತ್ತಿದ್ದ. ಬರೀ ಮುಖಕ್ಕೆ ನೀರು ಚಿಮುಕಿಸುವ ತೊಳೆಯುವಿಕೆ ಅಲ್ಲ. ಬಗ್ಗಿ, ಹೊಟ್ಟೆಯ ಕೆಳಗೆ, ಗಾಲಿಗಳ ಹಿಂದೆ, ಎಮ್ಮೆಯ ಮೈ ತೊಳೆದ ಹಾಗೆ. ಹೆಗಲ ಮೇಲಿನ ಟವೆಲಿನಿಂದ ಕನ್ನಡಿ ಒರೆಸಿ, ಚಾವಿಯನ್ನು ಕಣ್ಣಿಗೆ ಒತ್ತಿಕೊಂಡು, "ನಡಿಯವ್ವಾ, ಹೋಗೂಣು" ಎಂದು ಸ್ಟಾರ್ಟ್ ಮಾಡುತ್ತಿದ್ದ. ಕ್ಲಚ್ಚನ್ನು ಅವನ ಹಾಗೆ ಒತ್ತಿದವರಿಲ್ಲ. ಮಲಗಿದ ಕೂಸಿನ ಮೇಲಿಂದ ಕೌದಿ ಸರಿಸಿದ ಹಾಗೆ. ಹೀಗಾಗಿ ಅವನ ಎಡಗಾಲಿನ ಚಪ್ಪಲಿ ಯಾವಾಗಲೂ ಬಲಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು.

ಇಂಥವನ ಮೇಲೆ ನಿನಗೆ ಎಂಥ ಸೇಡು ಎಂದು ಕೇಳುತ್ತೀರಿ. ಹೇಳುತ್ತೇನೆ.

ಆ ವರ್ಷ ಆಯುಧ ಪೂಜೆಗೆ ಅವನು ನನ್ನನ್ನು ಮದುಮಗಳ ಹಾಗೆ ಸಿಂಗರಿಸಿದ. ಬಾಳೆಕಂದು, ಚೆಂಡು ಹೂವು, ಕನ್ನಡಿಗಳಿಗೆ ರಿಬ್ಬನ್ನು. ಹುಬ್ಬಳ್ಳಿಯಿಂದ ಬಂದವರು, ಹಂಪಿ ನೋಡುವುದನ್ನು ಬಿಟ್ಟು ನನ್ನನ್ನು ನೋಡಿ ವಾಪಸು ಹೋದರು. ಚಹಾದಂಗಡಿಯ ಮುಂದೆ ಕೂತಿದ್ದ ಯಾರೋ ಒಬ್ಬ, "ಎಂಥಾ ಗಾಡಿ ಇಟ್ಟಾರಲೇ" ಎಂದ. ಮರುದಿನವೇ ನನ್ನ ಮುಂದಿನ ಟೈರು ಪಂಕ್ಚರ್ ಆಯಿತು. ಯಮನೂರಪ್ಪ ಮನೆಯಲ್ಲಿ ಈ ಮಾತು ಹೇಳಿದ. ಅವನ ಹೆಂಡತಿ ಹುಲಿಗೆವ್ವ, "ಕಣ್ಣಾಗೈತಿ. ಹಿಂದ ಒಂದು ಹಳೇ ಚಪ್ಪಲಿ ಕಟ್ಟು" ಎಂದಳಂತೆ.

ಕಟ್ಟಿಯೇಬಿಟ್ಟ. ತನ್ನ ಎಡಗಾಲಿನ ಸವೆದ ಚಪ್ಪಲಿಯನ್ನು ಮೊಳದುದ್ದದ ಕರಿ ಹಗ್ಗಕ್ಕೆ ಪೋಣಿಸಿ ನನ್ನ ಹಿಂದಿನ ಬಂಪರಿಗೆ ನೇತುಹಾಕಿದ. ಲಾರಿಗಳಿಗೆ, ಟ್ರ್ಯಾಕ್ಟರುಗಳಿಗೆ ಕಟ್ಟುತ್ತಾರೆ, ನಿಜ. ಆದರೆ ನನಗೆ? ಆಕಾಶವನ್ನೇ ಮಾಸಿದಂತೆ ಕಾಣಿಸಿದವಳಿಗೆ? ನಾನು ಹೋದಲ್ಲೆಲ್ಲ ಅದು ನನ್ನ ಹಿಂದೆ ಪಟಪಟ ಬಡಿದುಕೊಂಡು ಬರುತ್ತಿತ್ತು. ಸೈಕಲ್ಲುಗಳು ನಕ್ಕವು. ಒಂದು ಕೈಗಾಡಿಯೂ ನಕ್ಕಿತು. ಅವತ್ತೇ ಶಪಥ ಮಾಡಿದೆ: ಯಮನೂರಾ, ನಿನ್ನ ಕೈಯಿಂದ ಚಾವಿ ಕಸಿಯುವ ದಿನ ತರದಿದ್ದರೆ ನಾನು ಟೆಂಪೋ ಅಲ್ಲ.

ನಡುವೆ ಒಂದು ಸಣ್ಣ ಸಂಗತಿ. ಡಾಕ್ಟರೊಬ್ಬರ ಮನೆಯ ಮದುವೆಗೆ ಸಾಮಾನು ಇಳಿಸಲು ಹೋದ ದಿನ ಕೊಟ್ರಪ್ಪ ಮಾಲಕರು ನನ್ನ ಹಿಂದೆ ಬಂದು ಚಪ್ಪಲಿ ನೋಡಿದರು. ದೊಡ್ಡ ಮನೆಯ ಗೇಟಿನ ಮುಂದೆ ಇದೇನು ಎಂದು ಗೊಣಗಿ, ಬಂಪರಿನಿಂದ ಹಗ್ಗ ಬಿಚ್ಚಿ, ಬಗ್ಗಿ, ಅದು ಯಾರ ಕಣ್ಣಿಗೂ ಬೀಳದಂತೆ ಏನೋ ಸರಿಮಾಡಿ, ಕೈ ಝಾಡಿಸಿಕೊಂಡು ಒಳಗೆ ಹೋದರು. ಅದು ಅಂಥ ದೊಡ್ಡ ವಿಷಯವೇನಲ್ಲ. ಮುಂದೆ ಹೋಗೋಣ.

ಆ ಮಧ್ಯಾಹ್ನದಿಂದಲೇ ನನ್ನ ಸೇಡು ಶುರುವಾಯಿತು. ಹಿಂದಿನ ಎಡಗಾಲಿಯೊಳಗೆ ಬ್ರೇಕಿನ ಎರಡು ಶೂಗಳಿರುತ್ತವೆ. ಪೆಡಲ್ ಒತ್ತಿದಾಗ, ಇಲ್ಲವೇ ಹ್ಯಾಂಡ್ ಬ್ರೇಕ್ ಎಳೆದಾಗ ಅಗಲಿ, ಗಾಲಿಯ ಡ್ರಮ್ಮನ್ನು ಒಳಗಿನಿಂದ ಹಿಡಿಯುತ್ತವೆ. ಬಿಟ್ಟ ಕೂಡಲೇ ಹಿಂದೆ ಸರಿಯಬೇಕು. ನಾನು ಸರಿಯಗೊಡಲಿಲ್ಲ. ಹಿಡಿದೆ. ಮೊದಲು ಒಂದಿಷ್ಟೇ. ಗಾಡಿ ಎಡಕ್ಕೆ ಎಳೆಯಿತು. ಆಮೇಲೆ ಇನ್ನಷ್ಟು. ಡ್ರಮ್ಮು ಕಾದು, ಸುಟ್ಟ ಕೂದಲಿನ ವಾಸನೆ ಬಂತು. ಅವನು ದಿನಾ ಮುಂಜಾನೆ ನನ್ನ ಗಾಲಿಗಳ ಹಿಂದೆ ಪ್ರೀತಿಯಿಂದ ನೀರು ಹೊಡೆಯುತ್ತಿದ್ದ. ನೀರು ಹೊಡೆದಷ್ಟೂ ನನ್ನ ಹಿಡಿತ ಬಿಗಿಯಾಯಿತು.

ಯಮನೂರಪ್ಪ ಮಾಲಕರಿಗೆ ಹೇಳಿದ. "ಹಿಂದಿನ ಎಡಗಾಲಿ ಹಿಡದಂಗ ಆಗೈತ್ರಿ. ಒಂದ್ಸಲ ದಾವಲಸಾಬ ಚಾಚಾಗ ತೋರಿಸೂಣ್ರಿ."

"ಮದುವಿ ಸೀಜನ್ನಿನ್ಯಾಗ ಗಾಡಿ ನಿಂದ್ರಸ್ತೀ ಏನೋ? ನೀ ಬ್ರೇಕಿನ ಮ್ಯಾಲ ಕಾಲಿಟ್ಕೊಂಡು ಹೊಡಿಯಾಕತ್ತೀ. ವಯಸ್ಸಾತು ನಿನಗ."

ಅವನೇ ಒಂದು ದಿನ ಚೀಲ ಹಾಸಿಕೊಂಡು ನನ್ನ ಕೆಳಗೆ ಹೊಕ್ಕು ನೋಡಿದ. ಚಪ್ಪಲಿ ಬಂಪರಿನಲ್ಲಿ ಇರಲಿಲ್ಲ. ಎಲ್ಲೋ ಹರಿದು ಬಿದ್ದಿರಬೇಕು ಎಂದುಕೊಂಡಿದ್ದ. ಗಾಲಿಯ ಹಿಂದೆ ಕೆಸರು ಮೆತ್ತಿಕೊಂಡು ಕೇಬಲ್ಲು ಯಾವುದು, ಮತ್ತೊಂದು ಯಾವುದು ತಿಳಿಯುತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ಕೂತೆ. ಹೊರಗೆ ಬಂದವನು ಡ್ರಮ್ಮಿನ ಮೇಲೆ ಅಂಗೈ ಇಟ್ಟು ಚಟಕ್ಕನೆ ತೆಗೆದ. ಬೊಬ್ಬೆ ಎದ್ದಿತು. ನಾನು ಒಳಗೊಳಗೇ ಕುಣಿದೆ.

ಗಾಲಿ ಹಿಡಿದ ಗಾಡಿ ಡೀಸೆಲ್ ಕುಡಿಯುತ್ತದೆ. ಮಾಲಕರಿಗೆ ಕಂಡದ್ದು ಅದೊಂದೇ. ಮೊದಲು ನಾಲ್ಕು ಊರು ಸುತ್ತಿ ಬರುವಷ್ಟು ಡೀಸೆಲ್ಲಿನಲ್ಲಿ ಈಗ ಮೂರು ಊರು ಮುಗಿಸುವುದೂ ಕಷ್ಟ. "ಡೀಸೆಲ್ ಎಲ್ಲಿ ಹೊಂಟೈತಿ ಯಮನೂರಾ?" ಎಂದು ಒಂದು ದಿನ ಕೇಳಿದರು.

"ಗಾಡಿ ಕುಡ್ಯಾಕತ್ತೈತ್ರಿ ಮಾಲಕ್ರ."

"ಗಾಡಿ ಕುಡಿತೈತೋ, ಗಾಡಿ ಹೊಡಿಯಾಂವ ಕುಡಿತಾನೋ?"

ಹಂದರದ ಆಳುಗಳು ನಕ್ಕರು. ಯಮನೂರಪ್ಪ ನಗಲಿಲ್ಲ. ಅವನು ಚಹಾ ಬಿಟ್ಟು ಬೇರೇನೂ ಕುಡಿಯದವನು.

ಆಮೇಲೆ ಬಂತು ನೋಡಿ ಆ ದಿನ. ಲಕ್ಕುಂಡಿಯ ಕಡೆ ಒಂದು ಸಂಜೆ ಕಾರ್ಯಕ್ರಮ. ದೀಪ, ಹಂದರ, ಮುನ್ನೂರು ಖುರ್ಚಿ, ಎಲ್ಲ ನನ್ನ ಬೆನ್ನ ಮೇಲೆ. ಊರು ದಾಟಿದ ಮೇಲೆ ಒಂದು ಏರು ಬರುತ್ತದೆ. ಅದರ ನಡುಮಧ್ಯೆ ನಾನು ಪೂರ್ತಿ ಹಿಡಿದುಬಿಟ್ಟೆ. ಮೊದಲು ಹೇಳಿದೆನಲ್ಲ, ಭೂಮಿ ನಿಂತದ್ದು, ಸೂರ್ಯ ತಡವಾದದ್ದು, ಅದು ಇಲ್ಲಿ. ಯಮನೂರಪ್ಪ ಗೇರು ಬದಲಿಸಿದ, ಬೇಡಿಕೊಂಡ, ಇಳಿದು ಗಾಲಿಗೆ ನೀರು ಸುರಿದ, ಹೆಗಲು ಕೊಟ್ಟು ನೂಕಿದ. "ಯವ್ವಾ, ಇವತ್ತೊಂದಿನ ನಡಿಯವ್ವಾ" ಎಂದ. ನಾನು ನಡೆಯಲಿಲ್ಲ.

ಮರುದಿನ ಗೋದಾಮಿನ ಮುಂದೆ, ಎಂಟು ಜನ ಆಳುಗಳ ಎದುರಿಗೆ, ಕೊಟ್ರಪ್ಪ ಮಾಲಕರು ಎಡಗೈ ಚಾಚಿದರು.

"ಚಾವಿ ಕೊಡು. ಡೀಸೆಲ್ ಮಾರಿದ್ದು ಸಾಲದಂತ ನನ್ನ ಹೆಸರೂ ಮಾರಿದಿ."

ಯಮನೂರಪ್ಪ ಚಾವಿಯನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದ. ಅಷ್ಟರಲ್ಲೇ ಮಾಲಕರು ಕಸಿದುಕೊಂಡರು. ಅವನ ಕೈ ಕಣ್ಣಿನ ಹತ್ತಿರ ಖಾಲಿ ಉಳಿಯಿತು. ಗೇಟಿನವರೆಗೆ ಹೋದವನು ತಿರುಗಿ, "ಕೆಲಸ ಹೋದ್ರ ಹೋಗಲಿ ಮಾಲಕ್ರ. ಆ ಗಾಲಿ ಒಂದ್ಸಲ ಮುಟ್ಟಿ ನೋಡ್ರಿ" ಎಂದ. ಯಾರೂ ಮುಟ್ಟಲಿಲ್ಲ.

ಗೆದ್ದೆ. ಶಪಥ ಪೂರೈಸಿತು. ಊರಿನಲ್ಲಿ ಅವನಿಗೆ 'ಡೀಸೆಲ್ ಯಮನೂರ' ಎಂದು ಹೆಸರು ಬಿತ್ತು. ಬೇರೆ ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡಲಿಲ್ಲ. ನಳದ ಹತ್ತಿರ ಹುಲಿಗೆವ್ವನಿಗೆ ಹೆಂಗಸರು, "ನಿಮ್ಮನಿ ಚಿಮಣಿಗೆ ಎಣ್ಣಿ ಚಿಂತಿಲ್ಲ ಬಿಡವಾ" ಎಂದರಂತೆ. ಅವನು ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ಹೊರಲು ಹೋಗತೊಡಗಿದ. ನನ್ನ ಮುಂದೆಯೇ ಹಾದು ಹೋಗುತ್ತಿದ್ದ, ಕೆಮ್ಮುತ್ತ. ನೋಡಿಯೂ ನೋಡದವನ ಹಾಗೆ. ನಾನೂ ಹಾಗೆಯೇ ಮಾಡಿದೆ. ಸೇಡು ಎಂದರೆ ಹೀಗಿರಬೇಕು.

ಹೊಸ ಡ್ರೈವರ್ ಫಕ್ಕೀರೇಶ ಬಂದ. ಕಟ್ಟುಮಸ್ತಾದ ಆಳು, ಬಾಯಿ ತುಂಬ ಎಲೆಅಡಿಕೆ. ಎಂಟು ದಿನ ಓಡಿಸಿದ. ಒಂಬತ್ತನೆಯ ದಿನ ನನ್ನ ಎಡಗಾಲಿಯಿಂದ ಹೊಗೆ ಬಂತು. ಡೀಸೆಲ್ಲೂ ಮೊದಲಿನಷ್ಟೇ, ಇಲ್ಲ, ಅದಕ್ಕಿಂತ ಹೆಚ್ಚು ಹೋಗಿತ್ತು.

"ನೀನೂ ಮಾರಾಕ ಸುರು ಮಾಡಿದಿ ಏನು?" ಎಂದರು ಮಾಲಕರು.

"ಮಾಲಕ್ರ, ನಾ ಈ ಊರಿಗೆ ಬಂದು ಎಂಟ ದಿನಾ ಆತು. ಚಹಾದಂಗಡಿ ಎಲ್ಲೈತಿ ಅಂತ ಈಗೀಗ ಗೊತ್ತಾಗೈತಿ. ಡೀಸೆಲ್ ಕೊಳ್ಳಾಂವ ಎಲ್ಲಿದ್ದಾನಂತ ನೀವ ಹೇಳಿದ್ರ ಮಾರಿ ಬರತೇನಿ."

ಹೀಗೆ ನಾನು ದಾವಲಸಾಬ ಮಿಸ್ತ್ರಿಯ ಗ್ಯಾರೇಜಿಗೆ ಬಂದೆ. ಮುಂದಿನ ಕೆಲಸಕ್ಕೆ ಹೋಗಬೇಕಿದ್ದ ಎಂಟೂ ಆಳುಗಳು ಬೊಂಬುಗಳ ಸಮೇತ ನನ್ನ ಬೆನ್ನ ಮೇಲೆಯೇ ಇದ್ದರು. ದಾವಲಸಾಬ ಬಿಳಿ ಗಡ್ಡದ, ನಿಧಾನ ಮಾತಿನ ಮನುಷ್ಯ. ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಮೊದಲು ಕತೆ ಕೇಳುತ್ತಾನೆ. ಮಾಲಕರು ಒಂದು ಹೇಳಿದರು, ಫಕ್ಕೀರೇಶ ಒಂದು ಹೇಳಿದ.

"ಯಮನೂರಪ್ಪನ್ನ ಕರೀರಿ. ಅವನ ಮುಂದ ಬಿಚ್ಚತೇನಿ" ಎಂದ ದಾವಲಸಾಬ.

"ಅಂವ ಯಾಕ ಇಲ್ಲಿ?"

"ಹತ್ತ ವರ್ಷ ಹೊಡದಾನ. ಬ್ಯಾನಿ ಯಾವಾಗ ಸುರು ಆತಂತ ಮತ್ಯಾರು ಹೇಳ್ತಾರ? ನೀವು ಹೇಳ್ತೀರಿ?"

ಮಾಲಕರು ಮೀಸೆ ತಿರುವಿದರು. ಆಳೊಬ್ಬ ಸೈಕಲ್ ಹತ್ತಿ ಹೋದ. ಯಮನೂರಪ್ಪ ಮೈತುಂಬ ಮೆಣಸಿನಕಾಯಿ ಘಾಟು ಹೊತ್ತುಕೊಂಡು ಬಂದು ದೂರದಲ್ಲಿ ನಿಂತ. ನನ್ನ ಹತ್ತಿರ ಬರಲಿಲ್ಲ.

"ಹೇಳಪಾ, ಯಾವತ್ತಿನಿಂದ ಎಳಿಯಾಕತ್ತೈತಿ?"

"ಡಾಕ್ಟ್ರ ಮನಿ ಮದುವಿ ದಿನದಿಂದ್ರಿ ಚಾಚಾ. ಹೋಗಬೇಕಾದ್ರ ಹೂವಿನಂಗ ಹೋತು. ಬರಬೇಕಾದ್ರ ಎಡಕ್ಕ ಎಳೀತು."

"ಅಂದ್ರ ಸವದು ಸವದು ಆಗಿದ್ದಲ್ಲ. ಅವತ್ತ ಏನೋ ಆಗೈತಿ."

ದಾವಲಸಾಬ ತಂಬಿಗೆಯಲ್ಲಿ ನೀರು ತಂದ. ಬಲಗಾಲಿಯ ಡ್ರಮ್ಮಿನ ಮೇಲೆ ನಾಲ್ಕು ಹನಿ ಬಿಟ್ಟ. ಸುಮ್ಮನೆ ಇಳಿದು ಹೋದವು. ಎಡಗಾಲಿಯ ಮೇಲೆ ಬಿಟ್ಟ. ಒಗ್ಗರಣೆ ಹಾಕಿದಂತೆ ಚುರ್ರೆಂದಿತು. ನನ್ನ ಸಿಟ್ಟಿನ ಕಾವು ಅದು ಎಂದು ನಾನು ಹೆಮ್ಮೆಪಟ್ಟೆ. ಜಾಕು ಕೊಟ್ಟು ಹಿಂಭಾಗ ಎತ್ತಿದ. ಹ್ಯಾಂಡ್ ಬ್ರೇಕ್ ಬಿಟ್ಟು, ಗೇರು ತೆಗೆದು, ಬಲಗಾಲಿ ತಿರುವಿದ, ಗಿರಗಿರ ಸುತ್ತಿತು. ಎಡಗಾಲಿಗೆ ಕೈ ಹಚ್ಚಿದ. ಫಕ್ಕೀರೇಶನನ್ನೂ ಕರೆದ. ಇಬ್ಬರೂ ಕೂಡಿ ತಿರುವಿದರೂ ಅದು ಕದಲಲಿಲ್ಲ.

ಆಮೇಲೆ ಬ್ರೇಕ್ ಎಣ್ಣೆಯ ಗಾಳಿ ತೆಗೆಯುವ ಸಣ್ಣ ನಟ್ಟು ಸಡಿಲಿಸಿದ. "ಎಣ್ಣಿ ಒತ್ತಡಕ್ಕ ಹಿಡದಿದ್ರ ಈಗ ಬಿಡಬೇಕು." ಎಣ್ಣೆ ತೊಟ್ಟಿಕ್ಕಿತು. ಗಾಲಿ ಬಿಡಲಿಲ್ಲ. "ಎಣ್ಣಿ ತಪ್ಪಿಲ್ಲ." ಹ್ಯಾಂಡ್ ಬ್ರೇಕಿನ ಕೇಬಲ್ಲನ್ನು ನಡುವಿನಲ್ಲಿ ಸಡಿಲ ಮಾಡಿದ. ಆದರೂ ಬಿಡಲಿಲ್ಲ. "ಕೇಬಲ್ಲಿನ ತಪ್ಪೂ ಅಲ್ಲ." ಆಳುಗಳು ಬೊಂಬು ಕೆಳಗಿಟ್ಟು ಹತ್ತಿರ ಬಂದರು. ನೋಡಿದಿರಾ, ನನ್ನ ಸೇಡಿನ ಬಲಕ್ಕೆ ಬೆಟಗೇರಿಯ ದೊಡ್ಡ ಮಿಸ್ತ್ರಿಯೂ ಸೋತ ಎಂದು ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ಆತ ಗಡ್ಡ ಕೆರೆದುಕೊಳ್ಳುತ್ತ ಒಂದು ಮಾತು ಆಡಿದ. ಅದು ನನ್ನ ಎದೆಗೇ ನಾಟಿತು.

"ಯಮನೂರಪ್ಪ ಹ್ವಾದ ಮ್ಯಾಲೂ ಗಾಲಿ ಹಿಡಕೊಂಡ ಐತಿ. ಡ್ರೈವರ್ ಮ್ಯಾಲಿನ ಸಿಟ್ಟಿದ್ರ ಅವತ್ತ ಬಿಡಬೇಕಿತ್ತಲ್ಲಾ. ಅಂದ್ರ ಇದು ಡ್ರೈವರಂದಲ್ಲ. ಇಲ್ಲೇ ಗಾಲಿ ಹಿಂದ ಏನೋ ಕುಂತೈತಿ."

ಅಂಗಾತ ಮಲಗಿ ನನ್ನ ಕೆಳಗೆ ಸರಿದ. ಗಾಲಿಯ ಹಿಂದೆ, ಕೇಬಲ್ಲು ಬಂದು ಕೂಡುವ ಕಡೆ, ಬ್ರೇಕ್ ಶೂಗಳನ್ನು ಅಗಲಿಸುವ ಒಂದು ಚಿಕ್ಕ ಸಲಾಕೆ ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೇಲಿನ ಕೆಸರನ್ನು ತಿರುಪುಳಿಯಿಂದ ಕೆರೆದ. ಒಂದು ಪದರ ಉದುರಿತು. ಇನ್ನೊಂದು ಉದುರಿತು. ಕೆಳಗಿನಿಂದ ಕರಿ ಹಗ್ಗ ಕಾಣಿಸಿತು. ಸಲಾಕೆಯನ್ನೂ ಪಕ್ಕದ ಪಟ್ಟಿಯನ್ನೂ ಕೂಡಿಸಿ ಸುತ್ತಿ, ಸಲಾಕೆ ಹಿಂದೆ ಸರಿಯದಂತೆ ಎಳೆದು ಕಟ್ಟಿದ್ದ ಹಗ್ಗ. ಅದರ ಸಂದಿಯಲ್ಲಿ ಮಡಚಿ ತುರುಕಿದ್ದ ಏನೋ ಒಂದು. ದಾವಲಸಾಬ ಅದರ ತುದಿ ಹಿಡಿದು ಜಗ್ಗಿದ.

"ಯಾರದಿದು ಚಪ್ಪಲಿ?"

ಯಮನೂರಪ್ಪ ಬಂದು ಕೂತು ಬಗ್ಗಿ ನೋಡಿದ. "ನಂದು. ಆದ್ರ ನಾ ಬಂಪರಿಗೆ ಕಟ್ಟಿದ್ನಿ ಚಾಚಾ. ಇಲ್ಲೆಲ್ಲ ಕಟ್ಟತಾರೇನು."

"ನೋಡ್ರಿ ಮತ್ತ," ಎಂದರು ಮಾಲಕರು. "ತಾನ ಕಟ್ಟಿ ತಾನ ಮರ್ತಾನ."

ಆಗ ಎಂಟು ಆಳುಗಳಲ್ಲಿ ಹಿರಿಯ, ಮುದುಕ ನೀಲಪ್ಪ, ಕೆಳಗೆ ಇಣುಕಿ ನೋಡಿ, "ಇದು ಡ್ರೈವರ್ ಗಂಟಲ್ಲ. ಇದು ನಮ್ಮ ಹಂದರದ ಗಂಟು" ಎಂದ.

ಹಂದರದವರದು ಬೇರೆಯೇ ಗಂಟು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ, ಅದರ ಮೇಲೆ ಮತ್ತೊಂದು ಸುತ್ತು ಕೂರಿಸುತ್ತಾರೆ. ಗಾಳಿ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಮಳೆ ಬಿದ್ದು ನೆನೆದರಂತೂ ಹಗ್ಗ ಕುಗ್ಗಿ ಕಲ್ಲಾಗುತ್ತದೆ. ದಿನಾ ಮುಂಜಾನೆ ಯಮನೂರಪ್ಪ ಹೊಡೆಯುತ್ತಿದ್ದ ನೀರು ಮಾಡಿದ್ದೂ ಅದನ್ನೇ.

"ನಾವ್ಯಾರೂ ಕಟ್ಟಿಲ್ಲಪಾ" ಎಂದ ಇನ್ನೊಬ್ಬ ಆಳು.

"ನಾವು ಬಲಕ್ಕ ಸುತ್ತತೇವಿ," ಎಂದ ನೀಲಪ್ಪ. "ಇದು ಎಡಕ್ಕ ಸುತ್ತೈತಿ."

ಎಲ್ಲರ ಕಣ್ಣೂ ಮೀಸೆ ತಿರುವುತ್ತಿದ್ದ ಒಂದು ಎಡಗೈಯ ಮೇಲೆ ಹೋಗಿ ಕೂತವು. ಆ ಕೈ ನಿಂತಿತು. ಕೊಟ್ರಪ್ಪ ಮಾಲಕರು ಕೈಯನ್ನು ನೋಡಿಕೊಂಡರು, ನನ್ನ ಗಾಲಿಯನ್ನು ನೋಡಿದರು. ಡಾಕ್ಟರ ಮನೆಯ ಗೇಟು ಅವರಿಗೆ ನೆನಪಾದದ್ದು ಮುಖದ ಮೇಲೆ ಕಂಡಿತು.

"ಕಣ್ಣಿಗೆ ಕಾಣಬಾರದಂತ..." ಎಂದು ಏನೋ ಹೇಳಹೋಗಿ ಬಿಟ್ಟರು. ಆಮೇಲೆ, "ದಾವಲಸಾಬ, ಕೊಯ್ದು ತಗೀ ಅದನ್ನ" ಎಂದರು.

ದಾವಲಸಾಬ ಚಾಕುವಿಗೆ ಕೈ ಚಾಚಿದ. "ಬ್ಯಾಡ್ರಿ ಚಾಚಾ" ಎಂದ ಯಮನೂರಪ್ಪ. ದನಿ ಏರಿಸಲಿಲ್ಲ. "ಮಾಲಕ್ರು ಹಾಕಿದ ಗಂಟು. ಅವರ ಬಿಚ್ಚಲಿ."

ಹತ್ತು ವರ್ಷ ಅವನ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಆಳುಗಳು ಸರಿದು ದಾರಿ ಬಿಟ್ಟರು. ಬಿಡುವುದು ಬಿಟ್ಟು ಅವರಾದರೂ ಏನು ಮಾಡಿಯಾರು. ಮಾಲಕರು ಸುತ್ತ ನೋಡಿದರು. ಎಂಟು ಜನರ ಮುಂದೆ ಚಾವಿ ಕಸಿದುಕೊಂಡಿದ್ದರು; ಆ ಎಂಟೂ ಜನ ಅಲ್ಲೇ ಇದ್ದರು. ಬಿಳಿ ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸುಟ್ಟ ಎಣ್ಣೆ ಚೆಲ್ಲಿದ ನೆಲದ ಮೇಲೆ ಅವರು ಅಂಗಾತ ಮಲಗಿದರು. ಸರಿದು ಸರಿದು ನನ್ನ ಕೆಳಗೆ ಬಂದರು. ಎಡಗೈಯ ಉಗುರು ಹಚ್ಚಿದರು. ಗಂಟು ಕಲ್ಲು. ಕಿರುಬೆರಳಿನ ಉಗುರು ಮುರಿಯಿತು. ಬಲಗೈ ಹಚ್ಚಿದರು. ನೇತಾಡುತ್ತಿದ್ದ ಚಪ್ಪಲಿಯಿಂದ ಕೆಸರು ಅವರ ಹಣೆಯ ಮೇಲೆ, ವಿಭೂತಿಯ ಮೇಲೆ ಉದುರಿತು. ಹಂದರದವರು ಇಂಥ ಗಂಟನ್ನು ಕೊನೆಗೆ ಹಲ್ಲಿನಿಂದ ಬಿಚ್ಚುತ್ತಾರೆ. ಮಾಲಕರು ಕತ್ತು ಎತ್ತಿದರು. ಚಪ್ಪಲಿಯ ಉಂಗುಷ್ಠ ಅವರ ಮೂಗಿಗೆ ತಾಗಿತು. ಬಾಯಿ ತೆರೆದರು.

"ಹಲ್ಲ ಹಚ್ಚಬ್ಯಾಡ್ರಿ," ಎಂದು ಯಮನೂರಪ್ಪ ಕೆಳಗೆ ಬಗ್ಗಿ ಚಾಕು ಚಾಚಿದ. "ತಗೋರಿ."

ಮಾಲಕರು ಹಗ್ಗ ಕೊಯ್ದ ಕೂಡಲೇ ಸಲಾಕೆ ಟಕ್ಕೆಂದು ಹಿಂದೆ ಸರಿಯಿತು. ದಾವಲಸಾಬ ಗಾಲಿಗೆ ಒಂದು ಬೆರಳು ಹಚ್ಚಿದ. ಅದು ಸುತ್ತತೊಡಗಿತು. ತಾನಾಗಿ ನಿಲ್ಲುವವರೆಗೆ ಎಲ್ಲರೂ ನೋಡುತ್ತ ನಿಂತರು.

ಮಾಲಕರು ಹೊರಗೆ ಬಂದು, ಎಣ್ಣೆ ಬಳಿದ ಧೋತರದಲ್ಲೇ, ಜೇಬಿನಿಂದ ಚಾವಿ ತೆಗೆದರು. "ಡೀಸೆಲ್ ನೀ ಮಾರಿಲ್ಲ" ಎಂದರು.

"ಇವರಿಗೂ ಕೇಳುವಂಗ ಹೇಳ್ರಿ."

"ಯಮನೂರಪ್ಪ ಡೀಸೆಲ್ ಮಾರಿಲ್ಲ. ತಪ್ಪು ನಂದು." ಈ ಸಲ ರಸ್ತೆಯವರೆಗೆ ಕೇಳಿಸಿತು.

ಯಮನೂರಪ್ಪ ಚಾವಿ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ. ಅಂದು ಕಸಿದುಕೊಂಡಾಗ ಖಾಲಿ ಉಳಿದಿದ್ದ ಆ ಹೊತ್ತನ್ನು ತುಂಬಿಸುವವನ ಹಾಗೆ, ತುಸು ಹೆಚ್ಚು ಹೊತ್ತೇ ಒತ್ತಿಕೊಂಡ. ಆಮೇಲೆ ಬಾಗಿಲು ತೆಗೆದು, "ನಡಿಯವ್ವಾ, ಹೋಗೂಣು" ಎಂದ.

ಇಷ್ಟು ಕೇಳಿದ ಮೇಲೆ ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ, ನಾನು ಸಿಕ್ಕಿಬಿದ್ದಿದ್ದೇನೆ. ಗ್ಯಾರೇಜಿನ ಗೋಡೆಯ ಮೊಳೆಗೆ ನೇತುಹಾಕಿರುವ ಆ ಒಂಟಿ ಚಪ್ಪಲಿಯನ್ನೂ ನೀವು ಆಗಲೇ ನೋಡಿದ್ದೀರಿ. ಸರಿ, ಒಪ್ಪಿಕೊಳ್ಳುತ್ತೇನೆ.

ಗಾಲಿ ಹಿಡಿದದ್ದು ನಾನಲ್ಲ. ಹಿಡಿಯುವುದು ಬಿಡುವುದು ಯಾವತ್ತೂ ನನ್ನ ಕೈಯಲ್ಲಿ ಇರಲಿಲ್ಲ. ಸೋಡಾ ಒಡೆದದ್ದು ಹಳಿಯ ಕುಲುಕಾಟಕ್ಕೆ. ಹಾರಿದ ಗೋಲಿಗಳು ಅವತ್ತೇ ಕೆಳಗೆ ಬಿದ್ದವು. ಹಾರ್ನಿನ ತಂತಿ ಸುಟ್ಟಿತ್ತು. ಲಕ್ಕುಂಡಿ ದಾರಿಯ ಏರಿನಲ್ಲಿ ಸೂರ್ಯ ತನ್ನ ಹೊತ್ತಿಗೆ ಸರಿಯಾಗಿ ಮುಳುಗಿದ. ತಡವಾದವರು ನಾವು, ಅದೂ ಹನ್ನೊಂದು ನಿಮಿಷ ಅಲ್ಲ, ಎರಡು ತಾಸು. ಭೂಮಿ ತಿರುಗುತ್ತಲೇ ಇತ್ತು. ತಿರುಗದೆ ಉಳಿದದ್ದು ನನ್ನ ಒಂದು ಗಾಲಿ, ಮತ್ತು ಅದನ್ನು ನೂಕುತ್ತಿದ್ದ ಒಬ್ಬ ಮನುಷ್ಯನ ದೆಸೆ.

ಆ ಗಂಟು ಯಾರದೆಂದು ಮೊದಲ ದಿನದಿಂದ ಗೊತ್ತಿದ್ದದ್ದು ನನಗೊಬ್ಬಳಿಗೇ. ಅವನ ಕೈಯಿಂದ ಚಾವಿ ಕಸಿದಾಗ ಗೊತ್ತಿತ್ತು. ಅವನು ಚೀಲ ಹೊತ್ತು ನನ್ನ ಮುಂದೆ ಕೆಮ್ಮುತ್ತ ಹೋದಾಗಲೂ ಗೊತ್ತಿತ್ತು. ಹೇಳಲು ನನಗೆ ಬಾಯಿಲ್ಲ. ಇದ್ದದ್ದು ಒಂದು ಹಾರ್ನು, ಅದನ್ನೂ ಬೇರೆಯವರು ಒತ್ತಬೇಕು. ಏನೂ ಮಾಡಲಾಗದೆ ಸುಮ್ಮನೆ ಸುಡುತ್ತ ನಿಂತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಬೇಕೆಂದೇ ಮಾಡಿದೆ, ಸೇಡು ತೀರಿಸಿಕೊಂಡೆ ಎಂದು ಹೇಳಿದರೆ ಗಟ್ಟಿಗಿತ್ತಿಯ ಹಾಗೆ ಕೇಳಿಸುತ್ತದೆ. ಅದಕ್ಕೇ ಹೇಳಿದೆ. ಆ ಚಪ್ಪಲಿಯೂ ಅವಮಾನದ್ದಲ್ಲ. ಊರಿನ ಕಣ್ಣು ಬೀಳುವಷ್ಟು ಚೆಂದದ ಗಾಡಿ ಎಂದು ನನ್ನನ್ನು ನಿಜವಾಗಿ ನಂಬಿದ್ದವನು ಅವನೊಬ್ಬನೇ.

ಅವನು ಮುಂದೆ ಆರು ವರ್ಷ ನನ್ನನ್ನು ಓಡಿಸಿದ. ಈಗ ಅವನಿಗೂ ಕಣ್ಣು ಮಂಜು. ವಾರಕ್ಕೊಮ್ಮೆ ಇಲ್ಲಿಗೆ ಬಂದು, ಕೋಳಿಯನ್ನು ಎಬ್ಬಿಸದಂತೆ ನನ್ನ ಮೆಟ್ಟಿಲ ಮೇಲೆ ಕೂತು ದಾವಲಸಾಬನ ಜೊತೆ ಚಹಾ ಕುಡಿಯುತ್ತಾನೆ. ಎದ್ದು ಹೋಗುವಾಗ, ವರ್ಷಗಳಿಂದ ಒಂದು ಸುತ್ತೂ ಸುತ್ತದ ನನ್ನ ಹಿಂದಿನ ಎಡಗಾಲಿಯ ಮೇಲೆ ಅಂಗೈ ಇಟ್ಟು ನೋಡುತ್ತಾನೆ.

"ತಣ್ಣಗೈತಿ" ಎನ್ನುತ್ತಾನೆ. ಆಮೇಲೆ ಮನೆಯ ದಾರಿ ಹಿಡಿಯುತ್ತಾನೆ.